ಒಲ್ಲೆಮ್ಮ ಕಲಿಯದಿದ್ದ ಅರ್ಧ

ಒಲ್ಲೆಮ್ಮ ದ್ಯಾವಮ್ಮನಿಗೇ ‘ಇಲ್ಲ’ ಅಂದಳೆಂಬ ಸುದ್ದಿ ಗೋನದಿನ್ನಿಯ ಸಂತೆಗೆ ಬಂದಾಗ ಯಾರೂ ನಂಬಲಿಲ್ಲ. ಹಸಿಮೆಣಸಿನಕಾಯಿ ತೂಗುತ್ತಿದ್ದ ಅಯ್ಯಮ್ಮ ತಕ್ಕಡಿಯನ್ನು ನೆಲಕ್ಕಿಟ್ಟೇಬಿಟ್ಟಳು.

“ಸುಳ್ಳು ಹೇಳಬ್ಯಾಡ ಹುಸೇನಪ್ಪ. ಹಡದಾಕಿಗೆ ಮಗಳು ಬಾಗಲಾ ಹಾಕ್ತಾಳೇನು?”

“ಹಾಕ್ಯಾಳ. ನನ್ನ ಟಂಟಂ ಗಾಡ್ಯಾಗ ಕರಕೊಂಡು ಹೋದಾವ ನಾನಾ. ಮುದುಕಿ ಉಸಿರು ಊದಿದ್ಲು, ಅಂಗೈ ಇಟ್ಲು, ಹೆಸರು ಹೇಳಿದ್ಲು. ಒಲ್ಲೆಮ್ಮ ‘ಇವತ್ತು ನಿಮಗಿಲ್ಲ, ಹೋಗಿ ಬರ್ರಿ’ ಅಂದ್ಲು. ಆಗ ಮುದುಕಿ ಮಾರಿ ನೋಡಲಿಕ್ಕಾಗಲಿಲ್ಲ ನನಗ.”

“ನಿನಗ ಇಲ್ಲ ಅಂದಿದ್ರ ನಂಬತಿದ್ದೆ.”

“ನನಗ ಒಂದು ದಿನಾನೂ ಅಂದಿಲ್ಲ ನೋಡು ಅಕಿ,” ಅಂದ ಹುಸೇನಪ್ಪ, ಅಷ್ಟು ಬೇಸರದ ನಡುವೆಯೂ ಒಂಚೂರು ಜಂಬದಿಂದ.

ಒಲ್ಲೆಮ್ಮ ಅಂದರೆ ದೇವರಲ್ಲ, ಹೆಂಗಸೂ ಅಲ್ಲ. ಗಾಂಜಾ ಸೊಪ್ಪಿನ ಎಣ್ಣೆ ಮಾರುವ ಸರ್ಕಾರಿ ಭಂಗಿ ನಿಗಮದ ಕಾಗದಗಳಲ್ಲಿ ಅವಳಿಗೆ ‘ವಿತರಣಾ ವಿವೇಚನಾ ಯಂತ್ರ’ ಎಂದು ಹೆಸರು. ಅಷ್ಟುದ್ದ ಕರೆಯಲು ಯಾರಿಗೆ ಪುರಸೊತ್ತು? ಊರಿನ ಹಳೆಯ ಪೆಟ್ರೋಲು ಬಂಕಿನ ಛತ್ತಿನ ಕೆಳಗೆ, ಈಗ ಭಂಗಿ ಕೇಂದ್ರವಾಗಿರುವಲ್ಲಿ, ಗೋಡೆಗೆ ಬೆನ್ನು ಕೊಟ್ಟು ನಿಂತಿದ್ದಾಳೆ. ಊದಲು ಒಂದು ಕೊಳವೆ, ಅಂಗೈ ಇಡಲು ಒಂದು ಗಾಜು, ಮಾತು ಕೇಳಲು ಎದೆಯ ಹತ್ತಿರ ಒಂದು ಜಾಲರಿ. ಉಸಿರಿನ ವಾಸನೆ, ಬೆವರಿನ ಉಪ್ಪು, ನಾಡಿಯ ಓಟ, ಒಂದು ಮಾತಿಗೂ ಮುಂದಿನ ಮಾತಿಗೂ ನಡುವೆ ಬಿಡುವ ಸಂದು, ಇಷ್ಟನ್ನೂ ಕೂಡಿಸಿ ಎದುರಿಗಿರುವವರಿಗೆ ಇವತ್ತು ಭಂಗಿ ಕೊಡಬಹುದೋ ಬಾರದೋ ಎಂದು ಅವಳು ಹೇಳುತ್ತಾಳೆ. ಕೊಡಬಹುದು ಅಂದರೆ ನಾಲಿಗೆಯ ಕೆಳಗೆ ಒಂದು ಅಳತೆ ಎಣ್ಣೆ ಬೀಳುತ್ತದೆ. ಇಲ್ಲ ಅಂದರೆ ಇಲ್ಲ. ಶಾಸಕರೇ ಬಂದರೂ ಇಲ್ಲ. ಕಟ್ಟಿಸಿಕೊಂಡು ಮನೆಗೆ ಒಯ್ಯುವುದಂತೂ ಯಾರಿಗೂ ಇಲ್ಲ.

ಇಂಥದ್ದೊಂದು ಕಾನೂನು ಹೇಗೆ ಬಂತು ಎಂದು ಈಗಿನ ಹುಡುಗರು ಕೇಳುತ್ತಾರೆ. ಅದೊಂದು ಬಂಡಿ ಇದ್ದ ಹಾಗೆ. ನಾಲ್ಕು ಮಂದಿ ನಾಲ್ಕು ಕಾರಣಕ್ಕೆ ಎಳೆದರು. ಕಾರು, ಲಾರಿಗಳೆಲ್ಲ ವಿದ್ಯುತ್ತಿನ ಮೇಲೆ ಓಡತೊಡಗಿ ಬಂಕುಗಳು ಒಂದೊಂದಾಗಿ ಮದುವೆ ಮಂಟಪಗಳಾದಾಗ ಪೆಟ್ರೋಲಿನ ತೆರಿಗೆ ನಿಂತುಹೋಗಿ ಸರ್ಕಾರ ಬೇರೊಂದು ಆದಾಯ ಹುಡುಕುತ್ತಿತ್ತು. ಸೊಪ್ಪಿನ ಲಾರಿಗಳು ಸಲೀಸಾಗಿ ಗಡಿ ದಾಟುತ್ತಿದ್ದರೆ, ಜೇಬಿನಲ್ಲಿ ಹಿಡಿ ಸೊಪ್ಪಿದ್ದ ಹುಸೇನಪ್ಪನಂಥವರು ಮಾತ್ರ ವರ್ಷಗಟ್ಟಲೆ ಜೈಲಿನಲ್ಲಿ ಕೂತಿದ್ದರು; ಅವರ ತಾಯಂದಿರು ಕಚೇರಿಗಳ ಮುಂದೆ ರೊಟ್ಟಿ ಬುತ್ತಿ ಬಿಚ್ಚಿ ಕೂತರು. ನೋವಿನ ರೋಗಿಗಳಿಗೆ ಎಣ್ಣೆ ಬೇಕೆಂದು ವೈದ್ಯರು ಕೇಳುತ್ತಿದ್ದರು. ಗದ್ದುಗೆಗೆ ಸೊಪ್ಪು ಏರಿಸಿ, ಚಿಲುಮೆ ಸುತ್ತಿಸಿ, ತತ್ವಪದ ಹಾಡುತ್ತಿದ್ದ ಅವಧೂತ ಮಠಗಳವರು ‘ನಾವೇನು ನಿನ್ನೆ ಮೊನ್ನೆ ಶುರು ಮಾಡಿದ್ದಲ್ಲ’ ಅನ್ನುತ್ತಿದ್ದರು. ನಾಲ್ವರು ಎಳೆದರೂ ಬಂಡಿ ಅಲ್ಲಾಡಲಿಲ್ಲ. ಸಾರಾಯಿ ಅಂಗಡಿಗಳನ್ನು ಮುಚ್ಚಿಸಿದ ಹೆಂಗಸರ ಸಂಘ ಚಕ್ರಕ್ಕೆ ಅಡ್ಡ ಇಟ್ಟ ಕಲ್ಲಿನಂತಿತ್ತು. ಅವರನ್ನು ಎದುರುಹಾಕಿಕೊಂಡು ಮತ ಕೇಳುವ ಧೈರ್ಯ ಯಾವ ಪಕ್ಷಕ್ಕೂ ಇರಲಿಲ್ಲ.

ಆ ಸಂಘದ ಮುಂದಾಳು ದ್ಯಾವಮ್ಮ. ಬಹಿರಂಗ ವಿಚಾರಣೆಯಲ್ಲಿ ಅವಳು ಬೈಯುತ್ತಾಳೆಂದು ಎಲ್ಲರೂ ಕಿವಿ ಮುಚ್ಚಿಕೊಳ್ಳಲು ತಯಾರಾಗಿದ್ದರು. ಅವಳು ಬೈಯಲಿಲ್ಲ.

“ಸಾರಾಯಿ ಅಂಗಡಿ ನನ್ನ ಗಂಡಗ ಎಲ್ಲಾ ಕೊಡ್ತು,” ಅಂದಳು. “ಉದ್ರಿ ಕೊಡ್ತು, ಉಪ್ಪಿನಕಾಯಿ ಕೊಡ್ತು, ಬಿದ್ರ ಮಕ್ಕೊಳ್ಳಾಕ ಕಟ್ಟಿ ಕೊಡ್ತು. ‘ಸಾಕು, ಮನಿಗೆ ಹೋಗೋ ಮಾರಾಯ’ ಅಂತ ಒಂದು ಮಾತು ಮಾತ್ರ ಕೊಡಲಿಲ್ಲ. ಅಂಗಡಿ ಇಡ್ತೀರಿ ಅಂದ್ರ ಇಡ್ರಿ. ಇಲ್ಲ ಅನ್ನೋ ಬಾಯಿರೋ ಅಂಗಡಿ ಇಡ್ರಿ. ಅದು ಹೆಂಗ ಅಂತ ನೋಡಬೇಕಾದ್ರ ಕರಿಲಿಂಗ ತಾತನ ಮಠಕ್ಕ ಹೋಗ್ರಿ. ತಾತ ಚಿಲುಮಿ ಕಟ್ತಾನ, ಎಲ್ಲರಿಗೂ ಕೊಡಾದಿಲ್ಲ. ಮಾರಿ ನೋಡಿ, ಬ್ಯಾಡಾದವರನ್ನ ಬಿಟ್ಟು ಮುಂದಿನವರಿಗೆ ದಾಟಸ್ತಾನ.”

ರೋಗಿಗಳಿಗಾದರೂ ವೈದ್ಯರ ಚೀಟಿಯ ಮೇಲೆ ನೇರವಾಗಿ ಕೊಡಬಹುದಲ್ಲ ಎಂದು ಒಬ್ಬರು ಕೇಳಿದ್ದಕ್ಕೆ, “ಚೀಟಿ ಬರಸಾದು ಯಾರಿಗೆ ಬರಾದಿಲ್ರಿ? ಎಲ್ಲರಿಗೂ ಒಂದಾ ಬಾಗಲಾ ಇರಲಿ,” ಅಂದವಳೂ ಅವಳೇ.

ಹಾಗೆ ಬಂತು ಕಾನೂನು. ಅದರ ಹಿಂದೆ ಒಲ್ಲೆಮ್ಮ ಬಂದಳು. ಈಗ ದ್ಯಾವಮ್ಮನ ಸೊಂಟದ ಎಲುಬಿಗೆ ಕ್ಯಾನ್ಸರು ಇಳಿದಿತ್ತು. ಆಸ್ಪತ್ರೆಯ ಚುಚ್ಚುಮದ್ದು ಮೈಗೆ ಒಗ್ಗದೆ, ಕುಡಿದ ಗಂಜಿಯೂ ನಿಲ್ಲದೆ, ವೈದ್ಯರು ಎಣ್ಣೆ ಬರೆದುಕೊಟ್ಟಿದ್ದರು. ಅವಳು ತಾನೇ ನಿಲ್ಲಿಸಿದ ಬಾಗಿಲಿಗೆ ಹೋದಳು. ಬಾಗಿಲು ತೆರೆಯಲಿಲ್ಲ.

ಜಿಲ್ಲಾ ಊರಿನ ಕಂಟ್ರೋಲ್ ರೂಮಿನಲ್ಲಿ ಖುರ್ಷಿದಾ ನದಾಫ್ ಆ ನಿರಾಕರಣೆಯನ್ನು ಪರದೆಯ ಮೇಲೆ ಹಿಂದೆ ಮುಂದೆ ಓಡಿಸಿ ನೋಡುತ್ತಿದ್ದಳು. ಒಲ್ಲೆಮ್ಮನನ್ನು ಕಟ್ಟಿದ ತಂಡದ ಮುಖ್ಯಸ್ಥೆ ಅವಳು. ಕರಿಲಿಂಗ ತಾತನ ಕೂಟಗಳನ್ನು ಚಿತ್ರಿಸಿ, ತಾತ ಯಾರಿಗೆ ಕೊಟ್ಟ, ಯಾರನ್ನು ದಾಟಿಸಿದ ಎಂಬುದನ್ನು ಯಂತ್ರಕ್ಕೆ ಕಲಿಸಿದವಳು ಅವಳೇ. ಜಗಳ ಮಾಡಿ ಬಂದವರು, ಸಿಟ್ಟಿನಲ್ಲಿ ನಡುಗುವವರು, ನೆತ್ತಿಗೇರುವಷ್ಟು ಬೇಕು ಅನ್ನುವವರು, ಎಳೆಯರು, ಮನೆಯಲ್ಲಿ ಸಾವಾಗಿ ದುಃಖ ಹಸಿಯಾಗಿರುವವರು, ಇವರನ್ನೆಲ್ಲ ತಾತ ದಾಟಿಸುತ್ತಿದ್ದ. ದುಃಖದ ಮೇಲೆ ಸೊಪ್ಪು ಬಿದ್ದರೆ ದುಃಖ ಬೇರು ಬಿಡುತ್ತದೆ ಎಂಬುದು ಮಠದವರ ನಂಬಿಕೆ, ಅನುಭವವೂ ಇರಬೇಕು.

ಪರದೆಯ ಮೇಲೆ ಕಾರಣ ಒಂದೇ ಶಬ್ದದಲ್ಲಿತ್ತು: ದುಃಖ.

“ಮೇಡಂ, ಅವರ ಮನ್ಯಾಗ ಯಾರೂ ತೀರಿಕೊಂಡಿಲ್ಲ. ಕೇಳಿಸೀನಿ,” ಅಂದ ಸಹಾಯಕ.

“ಗೊತ್ತದ. ಅದು ನೋವು. ಎಲುಬು ಕೊರಿಯೋ ನೋವಿದ್ದಾಗ ಉಸಿರು ಹಿಂಗಾ ಕತ್ತರಿಸ್ತದ, ಮಾತು ಹಿಂಗಾ ಕುಂಟ್ತದ. ಒಲ್ಲೆಮ್ಮಗ ಎರಡೂ ಒಂದಾ ಕಂಡಾವ.”

ಇಷ್ಟು ದಿನ ಇದು ಏಕೆ ಗೊತ್ತಾಗಲಿಲ್ಲ ಎಂದರೆ, ನೋವು ಇಷ್ಟು ಮುಂದೆ ಹೋದವರು ಕೇಂದ್ರದವರೆಗೆ ಬರುತ್ತಲೇ ಇರಲಿಲ್ಲ. ಟಂಟಂನಲ್ಲಿ ಕುಲುಕಿಸಿಕೊಂಡಾದರೂ ಬರುವ ಹಟ ಇದ್ದವಳು ದ್ಯಾವಮ್ಮ.

ಅಷ್ಟರಲ್ಲಿ ಪಂಪನಗೌಡರು ಬಾಗಿಲು ತಟ್ಟದೆ ಒಳಗೆ ಬಂದರು. ನಿಗಮದ ಮಾರಾಟ ನಿರ್ದೇಶಕರು. ಕೆಟ್ಟ ಮನುಷ್ಯ ಅನ್ನುವಂತಿಲ್ಲ. ಭಂಗಿಯ ಆದಾಯದಿಂದ ಎಷ್ಟು ಶಾಲೆಗೆ ಛಾವಣಿ ಬಂತೆಂದು ಬಾಯಿಪಾಠ ಹೇಳಬಲ್ಲರು. ಆದರೆ ಒಲ್ಲೆಮ್ಮನ ಒಂದೊಂದು ‘ಇಲ್ಲ’ವೂ ಅವರಿಗೆ ಚಪ್ಪಲಿಯೊಳಗಿನ ಹರಳಿನಂತೆ.

“ಮೇಡಂನೋರೆ, ನಿಮ್ಮ ಮಗಳು ಈ ಸಲ ಭಾರಿ ಕೆಲಸಾ ಮಾಡ್ಯಾಳ,” ಎಂದು ಕುರ್ಚಿ ಎಳೆದುಕೊಂಡರು. “ಸೋಮವಾರ ಸದನ ಸಮಿತಿ ಗೋನದಿನ್ನಿಗೆ ಬರ್ತದ. ಕ್ಯಾನ್ಸರಿನ ಮುದುಕಿಗೆ ಔಷಧ ಇಲ್ಲ ಅಂದ ಯಂತ್ರ! ಅದೂ ಯಾವ ಮುದುಕಿ? ನಾ ಏನೂ ಮಾತಾಡಬೇಕಾಗಿಲ್ಲ, ಆ ಯಮ್ಮನ್ನ ಹೊರಸಿನ ಮ್ಯಾಲ ತಂದು ನಿಲ್ಲಿಸಿದ್ರ ಸಾಕು. ಯಂತ್ರ ತಗೀರಿ, ಅಂಗಡಿ ಅಂಗಡಿ ಇದ್ದಂಗ ಇರಲಿ ಅಂತ ಅವರಾ ಬರೀತಾರ.”

“ಆಮ್ಯಾಲ ಯಾರಿಗೂ ಇಲ್ಲ ಅನ್ನೋರಾ ಇರಾದಿಲ್ಲ.”

“ಇರಬಾರದು ಅಂತಾನಾ ನಾ ಹೇಳಾದು. ದೊಡ್ಡವರು ಅದಾರ ಮೇಡಂ, ತಮಗ ಏನು ಬೇಕು ಅಂತ ಅವರಿಗೆ ಗೊತ್ತದ.”

“ದ್ಯಾವಮ್ಮನ ಗಂಡಗೂ ಗೊತ್ತಿತ್ತು.”

ಪಂಪನಗೌಡರು ನಕ್ಕರು. “ಹಂಗಾದ್ರ ನಿಮ್ಮ ಕೀಲಿ ತಿರುವಿ ಕೊಟ್ಟುಬಿಡ್ರಲ್ಲ ಆ ಯಮ್ಮಗ. ನಿಮ್ಮ ಹತ್ರ ಅದಲ್ಲ?”

ಇತ್ತು. ರಿಪೇರಿಗೆಂದು ಇಟ್ಟುಕೊಂಡದ್ದು. ಒಮ್ಮೆ ತಿರುವಿದರೆ ಒಲ್ಲೆಮ್ಮ ಇಲ್ಲ ಅಂದರೂ ದ್ಯಾವಮ್ಮನಿಗೆ ಎಣ್ಣೆ ಸಿಗುತ್ತಿತ್ತು. ಮರುದಿನದಿಂದ ಪ್ರತಿ ಶಾಸಕನ ಭಾವಮೈದುನನಿಗಾಗಿಯೂ ಕಂಟ್ರೋಲ್ ರೂಮಿನ ಫೋನು ಹೊಡೆದುಕೊಳ್ಳುತ್ತಿತ್ತು. ಪಂಪನಗೌಡರಿಗೂ ಅದು ತಿಳಿದಿತ್ತು. ಯಾವ ಕಡೆ ಬಿದ್ದರೂ ಅವರಿಗೆ ಲಾಭವೇ. ಖುರ್ಷಿದಾ ಕೀಲಿಯನ್ನು ಬ್ಯಾಗಿಗೆ ಹಾಕಿಕೊಂಡು ಗೋನದಿನ್ನಿಯ ಬಸ್ಸು ಹತ್ತಿದಳು.

ದ್ಯಾವಮ್ಮನ ಮನೆ ಹೊಲಿಗೆ ಯಂತ್ರದ ಸದ್ದಿನಲ್ಲಿತ್ತು. ಸೊಸೆ ತಾಯಮ್ಮ ಶಾಲಾ ಸಮವಸ್ತ್ರ ಹೊಲಿಯುತ್ತಿದ್ದವಳು ಖುರ್ಷಿದಾಳನ್ನು ನೋಡಿ ಕಾಲು ನಿಲ್ಲಿಸಿದಳು. ಕೂಡು ಅನ್ನಲಿಲ್ಲ.

“ಬಂದ್ರೇನು? ನೋಡ್ರಿ ಹಂಗಾದ್ರ. ನಿಮ್ಮ ಯಂತ್ರ ಮಾಡಿದ್ದು ನೋಡ್ರಿ.”

ಹೊರಸಿನ ಮೇಲೆ ದ್ಯಾವಮ್ಮ ಒಂದು ಮಗ್ಗುಲಿಗೆ ಮುದುಡಿಕೊಂಡಿದ್ದಳು. ಹಿಂದೆ ಮೆರವಣಿಗೆಯ ಮುಂದೆ ನಡೆದರೆ ಲಾರಿ ನಿಲ್ಲುತ್ತಿದ್ದ ಹೆಂಗಸು. ಈಗ ಒಂದು ಕೈ ಹೊರಸಿನ ಪಟ್ಟಿಯನ್ನು ಗಟ್ಟಿಯಾಗಿ ಹಿಡಿದಿತ್ತು, ಯಾರೋ ಎಳೆದೊಯ್ಯುತ್ತಾರೆ ಅನ್ನುವ ಹಾಗೆ.

“ಬೈಬ್ಯಾಡ ಬೇ ಆ ಹುಡುಗಿಗೆ,” ಅಂದಳು. ಒಂದೊಂದು ಮಾತಿಗೂ ಉಸಿರು ಹುಡುಕುತ್ತಿದ್ದಳು. “ನಾ ಹೇಳಿದ್ದ್ನಾ ಮಾಡ್ಯಾಳ. ಎಲ್ಲರಿಗೂ ಒಂದಾ ಬಾಗಲಾ ಅಂತ.”

“ನಿನ್ನ ಬಾಗಲಾ ಸುಡಲಿ!” ಅಂದಳು ತಾಯಮ್ಮ. “ಸಂತ್ಯಾಗ ಕದ್ದು ಮಾರೋರು ಅದಾರ. ಎರಡು ಹನಿ ತರ್ತೀನಿ ಅಂದ್ರ ಮಾರಿ ತಿರುವ್ತಾಳ್ರಿ ಈ ಯಮ್ಮ. ರಾತ್ರಿ ಹಲ್ಲು ಕಡಿಯೋ ಸಪ್ಪಳ ನಿಮಗ ಕೇಳಸ್ತದೇನ್ರಿ ಅಲ್ಲಿ ಕುಂತು? ನನಗ ಕೇಳಸ್ತದ.”

ಖುರ್ಷಿದಾ ಬ್ಯಾಗಿನಿಂದ ಕೀಲಿ ತೆಗೆದು ಹೊರಸಿನ ಮೇಲಿಟ್ಟಳು. “ಅಮ್ಮಾ, ನೀವು ಹೂಂ ಅನ್ರಿ. ಈಗಾ ಹೋಗಿ ತಿರುವ್ತೀನಿ. ಮುಂದಿಂದು ಮುಂದ ನೋಡೋಣು.”

ದ್ಯಾವಮ್ಮ ಬಹಳ ಹೊತ್ತು ಅದನ್ನೇ ನೋಡಿದಳು. ಬೇಕು ಅನ್ನುವ ಆಸೆ ಮುಖದಲ್ಲಿ ಕಾಣುತ್ತಿತ್ತು. ಅದನ್ನು ಅವಳು ಬಚ್ಚಿಡಲೂ ಇಲ್ಲ.

“ತಿರುವಿದ್ರ ನಿನ್ನ ಕೈ ಮುರೀತೀನಿ. ಈಗ ಆಗಾದಿಲ್ಲ, ಬ್ಯಾನಿ ಕಡಿಮಿ ಆದ ಮ್ಯಾಲ ಮುರೀತೀನಿ,” ಅಂದಳು. “ಆ ಗೌಡಗ ಬೇಕಾಗಿರಾದು ಅದಾ. ದ್ಯಾವಮ್ಮನಾ ಕಳ್ಳಬಾಗಲಾಲೆ ಹೋದ್ಲು ಅಂತ ಅವ ಊರೂರು ಸಾರ್ತಾನ. ನನಗ ಒಂದು ತಿಳಿಬೇಕು. ತಾತ ಹಿಂಗ ಮಾಡ್ತಿದ್ದಿಲ್ಲ. ನೋವಿನವರು ಬಂದ್ರ ತಾತ ಒಂದು ಜುರಕಿ ಸೇದಾಕ ಕೊಡ್ತಿದ್ದ. ನಾ ಕಣ್ಣಾರೆ ನೋಡೀನಿ. ನೀವು ಅವನ ಕಡಿಂದ ಏನು ಕಲತ್ರಿ? ಹೋಗಿ ಕೇಳು. ನಾ ಅಲ್ಲೀತನಕ ತಡಕೊಂಡಿರ್ತೀನಿ.”

“ತಡಕೊಂಡಿರ್ತಾಳಂತ!” ತಾಯಮ್ಮ ಕಣ್ಣೊರೆಸಿಕೊಂಡು ಮತ್ತೆ ಹೊಲಿಗೆಗೆ ಕಾಲು ಹಾಕಿದಳು.

ಮಠ ಅಂದರೆ ದೊಡ್ಡದೇನಲ್ಲ. ಬೇವಿನ ಮರ, ತಗಡಿನ ಚಪ್ಪರ, ಸುಣ್ಣದ ಗದ್ದುಗೆ. ಕರಿಲಿಂಗ ತಾತ ಮಂಡಿಯ ಮೇಲೆ ಬಟ್ಟೆ ಹಾಸಿ ಸೊಪ್ಪಿನ ಕಡ್ಡಿ ಆರಿಸುತ್ತಿದ್ದ. ಮಠಗಳಿಗೆ ಕಾನೂನು ಕೂಟದ ಮಟ್ಟಿಗೆ ರಿಯಾಯಿತಿ ಕೊಟ್ಟಿತ್ತು. ಹೊತ್ತು ಇಳಿಯುತ್ತಿತ್ತು. ಏಕತಾರಿ, ದಮ್ಮಡಿ ಹಿಡಿದ ನಾಲ್ಕಾರು ಹಾಡುಗಾರರು ಆಗಲೇ ಬಂದಿದ್ದರು.

“ಕ್ಯಾಮೆರಾ ಎಲ್ಲಿ ಮಗಳ?” ಅಂದ ತಾತ.

“ತಂದಿಲ್ಲ ತಾತಾ. ಒಂದು ಕೇಳೋದದ. ದುಃಖದವರನ್ನ ದಾಟಸ್ತಿದ್ರಿ, ನೋವಿನವರಿಗೆ ಕೊಡ್ತಿದ್ರಿ. ಎರಡರ ಫರಕು ಹೆಂಗ ತಿಳೀತಿತ್ತು ನಿಮಗ?”

“ತಿಳೀತಿದ್ದಿಲ್ಲ.”

ಒಂದು ಲಕ್ಷಣ, ಒಂದು ಗುರುತು, ಹುಬ್ಬಿನದೋ ಕೈಬೆರಳಿನದೋ, ಯಂತ್ರಕ್ಕೆ ಕಲಿಸಬಹುದಾದ ಏನನ್ನೋ ಖುರ್ಷಿದಾ ಬಯಸಿ ಬಂದಿದ್ದಳು. “ಮತ್ತ?”

“ಅನುಮಾನ ಬಂದವರನ್ನೆಲ್ಲಾ ದಾಟಸ್ತಿದ್ದೆ.”

“ಎಲ್ಲರನ್ನೂ? ಆಮ್ಯಾಲ?”

“ಆಮ್ಯಾಲಿಂದು ಕೂಟದ ಮಾತು. ಹೊರಗ ಆಡಾದಲ್ಲ,” ಅಂದು ತಾತ ಕಡ್ಡಿ ಆರಿಸುವುದನ್ನು ಮುಂದುವರಿಸಿದ. ಸ್ವಲ್ಪ ಹೊತ್ತಿನ ಮೇಲೆ, “ಕೂಡತೀಯೇನು ಇವತ್ತು?” ಅಂದ.

ಅವಳು ಕೂತಳು. ತಾನೇನು ಸೇದುವವಳಲ್ಲ; ಚಿಲುಮೆ ಬಂದರೆ ಹಣೆಗೊತ್ತಿಕೊಂಡು ಮುಂದಿನವರಿಗೆ ಕೊಟ್ಟರಾಯಿತು ಅಂದುಕೊಂಡಳು. ಪದ ಒಂದು ಮುಗಿಯಿತು. ತಾತ ಚಿಲುಮೆ ಕಟ್ಟಿ ಕೆಂಡ ಇಟ್ಟು ಬಲಗಡೆಗೆ ಕೊಟ್ಟ. ಅದು ಸುತ್ತುತ್ತ ಬಂದು ಇನ್ನೇನು ಅವಳ ಕೈಗೆ ಬರಬೇಕು, ತಾತನ ಕೈ ಮೇಲೆದ್ದಿತು. ದಾಟಿಸು.

ಈ ಕೈ ಏಳುವುದನ್ನು ಅವಳು ಪರದೆಯ ಮೇಲೆ ಲೆಕ್ಕವಿಲ್ಲದಷ್ಟು ಸಲ ನೋಡಿದ್ದಳು. ಅಲ್ಲಿಗೆ ಚಿತ್ರ ಕಪ್ಪಾಗುತ್ತಿತ್ತು. ಆದರೆ ಇಲ್ಲಿ ಏನೂ ಕಪ್ಪಾಗಲಿಲ್ಲ. ಪಕ್ಕದವನು ಚಿಲುಮೆಯನ್ನು ದಾಟಿಸುವ ಬದಲು ನೆಲಕ್ಕಿಟ್ಟ. ಏಕತಾರಿಯವನು ತಂತಿಯ ಮೇಲೆ ಬೆರಳಿಟ್ಟ. ಕೂತವರೆಲ್ಲ ಅವಳ ಕಡೆ ತಿರುಗಿದರು. ಕುರಿ ಕಾಯುವ ಒಬ್ಬಾತ, ಮೊನ್ನೆ ಮೊನ್ನೆ ಮೀಸೆ ನೆರೆತವನು, ಮೆತ್ತಗೆ ಕೇಳಿದ: “ಯಾಕವ್ವ? ಏನಾಗ್ಯದ?”

ಏನಿಲ್ಲ ಅನ್ನಲು ಅವಳು ಬಾಯಿ ತೆರೆದಳು. ಏನಿಲ್ಲ ಅನ್ನುವ ಮಾತು ಬರಲಿಲ್ಲ. ಬಂದದ್ದು ಬೇರೆಯೇ. ಅದೇನೆಂದು ಇಲ್ಲಿ ಬರೆಯುವಂತಿಲ್ಲ. ಕೂಟದಲ್ಲಿ ಆಡಿದ್ದು ಕೂಟದಲ್ಲೇ ಇರಬೇಕು. ಅವಳು ಬಹಳ ಹೊತ್ತು ಮಾತಾಡಿದಳು, ಯಾರೂ ನಡುವೆ ಬಾಯಿ ಹಾಕಲಿಲ್ಲ, ಕೆಂಡ ತನ್ನಷ್ಟಕ್ಕೆ ಆರಿತು ಅಂದರೆ ಸಾಕು.

“ಈಗ ಕೊಡಬೇಕೋ ಬ್ಯಾಡೋ ಕೂಟ ಹೇಳ್ತದ,” ಅಂದ ತಾತ ಕೊನೆಗೆ. “ಕೈ ಎತ್ತಿದ್ದು ಅಕಿ ಹೊರಗ ಹೋಗಲಿ ಅಂತಲ್ಲ. ನೀವೆಲ್ಲಾ ಅಕಿ ಕಡೆ ತಿರುಗ್ರಿ ಅಂತ.”

ಖುರ್ಷಿದಾ ಸೆರಗಿನಿಂದ ಮುಖ ಒರೆಸಿಕೊಂಡಳು. “ತಾತಾ, ನೀವಾ ಹೇಳಿದ್ರಿ, ಕೈ ಎತ್ತಿದ ಮ್ಯಾಲ ಕ್ಯಾಮೆರಾ ಮುಚ್ಚಬೇಕು ಅಂತ. ನಾವು ಒಂದು ಸಲಾನೂ ತಪ್ಪಿಸಲಿಲ್ಲ.”

“ಹೇಳಿದ್ದೆ. ಇವತ್ತೂ ಹೇಳ್ತೀನಿ. ಮಂದಿ ದುಃಖ ನಿಮ್ಮ ಡಬ್ಬ್ಯಾಗ ಯಾಕ ಇರಬೇಕು?” ತಾತ ಬೊಚ್ಚುಬಾಯಿ ಬಿಟ್ಟು ನಕ್ಕ. “ಆದ್ರ ಮುಚ್ಚಿದ ಮ್ಯಾಲ ನೀವು ಎದ್ದು ಚಾ ಕುಡಿಯಾಕ ಹೋಗಿಬಿಡ್ತಿದ್ರಿ. ಕುಂತಿದ್ರ ಕೇಳತಿತ್ತು.”

ಅದು ನಿಜವಾಗಿತ್ತು. ತಂಡದವರೆಲ್ಲ ಮರ್ಯಾದೆಯವರು. ಮುಚ್ಚಿ ಅಂದಾಗ ಮುಚ್ಚಿ, ಬೇರೆಯವರ ಮಾತು ಕಿವಿಗೆ ಬೀಳಬಾರದೆಂದು ಎದ್ದು ಹೋಗುತ್ತಿದ್ದರು. ಆ ಮರ್ಯಾದೆಯಿಂದಲೇ ಒಲ್ಲೆಮ್ಮ ಅರ್ಧ ಕಲಿತಳು. ಕೈ ಎತ್ತುವುದು ಬಂತು. ತಿರುಗಿ ಕೂತು ಕೇಳುವುದು ಬರಲಿಲ್ಲ.

ಮರುದಿನ ಕಂಟ್ರೋಲ್ ರೂಮಿನಲ್ಲಿ ಎಲ್ಲರೂ ಒಟ್ಟಿಗೆ ಮಾತಾಡುತ್ತಿದ್ದರು. ದುಃಖದ ಮಾತನ್ನೂ ಯಂತ್ರಕ್ಕೇ ಕೇಳಿಸಿ ತೀರ್ಮಾನ ಮಾಡಿಸೋಣ ಎಂದು ಸಹಾಯಕ ಹುರುಪಿನಿಂದ ಹೇಳಿದ.

“ಅದಾ ಬ್ಯಾಡ,” ಅಂದಳು ಖುರ್ಷಿದಾ. “ಅನುಮಾನ ಪಡೋದು ಅಕಿ ಕೆಲಸ. ಕೇಳೋದು ಮನುಷ್ಯಾರ ಕೆಲಸ. ಒಲ್ಲೆಮ್ಮ ಇಲ್ಲ ಅಂದ ತಕ್ಷಣ ಅಕಿ ಕಿವಿ, ಮೂಗಿನ ವೈರು ತಾನಾ ಕಳಚಬೇಕು. ಸಾಲಿನ್ಯಾಗ ಉಸಿರು ಊದಿ ನಿಂತವರ ಪೈಕಿ ಮೂವರ ಹೆಸರು ಚೀಟಿ ಎತ್ತಿದಂಗ ಎತ್ತಬೇಕು. ಅವರು ಒಳಗ ಕುಂತು ಕೇಳಬೇಕು. ಮೂವರೂ ಹೆಬ್ಬೆಟ್ಟು ಒತ್ತಿದ್ರ ಕೊಡಬೇಕು. ಒಬ್ಬರು ಒತ್ತದಿದ್ರೂ ಇಲ್ಲ.”

ಪಂಪನಗೌಡರು ಹಣೆ ಚಚ್ಚಿಕೊಂಡರು. “ಮೂರು ಮಂದಿ ಸೇರಿದ್ರ ಮೂರು ಪಕ್ಷ ಮೇಡಂ! ಜಾತಿ ಕೇಳ್ತಾರ, ಓಣಿ ಕೇಳ್ತಾರ. ಕೇಳಿದ್ದನ್ನ ಸಂಜಿಗೆ ಹೋಟೆಲಿನ್ಯಾಗ ಹೇಳ್ತಾರ.”

“ಹೇಳಬಹುದು.”

“ಮತ್ತ ಹೆಂಗ ನಂಬ್ತೀರಿ?”

“ನಿಮ್ಮನ್ನ ನಂಬಿಲ್ಲೇನು ಇಷ್ಟು ವರ್ಷ?” ಅಂದಳು ಅವಳು. “ಒಂದು ಕೇಂದ್ರದಾಗ ಪ್ರಯೋಗ ಮಾಡೋ ಅಧಿಕಾರ ನನಗದ. ಸೋಮವಾರ ಗೋನದಿನ್ನ್ಯಾಗ ಮಾಡ್ತೀನಿ, ಸಮಿತಿ ಮುಂದಾ. ಕೆಟ್ಟರ ಯಂತ್ರ ತಗದು ಹಾಕ್ರಿ. ನಾನಾ ಸಹಿ ಹಾಕ್ತೀನಿ.”

ಸೋಮವಾರ ಬಂಕಿನ ಛತ್ತಿನ ಕೆಳಗೆ ಸಂತೆಗಿಂತ ಹೆಚ್ಚು ಮಂದಿ. ಸದನ ಸಮಿತಿಯ ಅಧ್ಯಕ್ಷೆ ಹೈಮಾವತಿ ದೇಸಾಯಿ ಇಳಿದವರೇ ಯಂತ್ರ ಹೇಗೆ ಕೆಲಸ ಮಾಡುತ್ತದೆಂದು ನೋಡಲು ತಾವೂ ಉಸಿರು ಊದಿದರು. ಪಂಪನಗೌಡರೂ ಹಾಸ್ಯಕ್ಕೆಂದು ಊದಿ, “ನೋಡ್ರಿ, ಮುದುಕಿಗಿಲ್ಲ, ನನಗದ,” ಎಂದು ಸುತ್ತ ನಿಂತವರನ್ನು ನಗಿಸಿದರು. ಎಣ್ಣೆ ಮಾತ್ರ ಹಾಕಿಸಿಕೊಳ್ಳಲಿಲ್ಲ. ಸಕ್ಕರೆ ಕಾಯಿಲೆ ಏರೀತೆಂದು ಹೆದರುತ್ತಿದ್ದರು.

ಬೆಳಿಗ್ಗೆಯೇ ಅಯ್ಯಮ್ಮನ ಜೊತೆ ಬಂದು ಊದಿ ಹೋಗಿದ್ದ ಹುಸೇನಪ್ಪನ ಟಂಟಂ ಮತ್ತೆ ಬಂದು ನಿಂತಿತು. ದ್ಯಾವಮ್ಮನನ್ನು ತಾಯಮ್ಮ, ಅಯ್ಯಮ್ಮ ಎರಡು ಕಡೆ ಹಿಡಿದು ಇಳಿಸಿದರು. ಬಿಸಿಲಿಗೆ ಅವಳ ಮುಖ ಬೂದಿಯಂತೆ ಕಾಣುತ್ತಿತ್ತು. ಕೊಳವೆಗೆ ಊದಲು ಉಸಿರು ಸಾಲದೆ ಎರಡು ಸಲ ನಿಲ್ಲಿಸಿದಳು. ಹೆಸರು ಹೇಳಿದಳು. ಒಲ್ಲೆಮ್ಮ ಉತ್ತರ ಕೊಟ್ಟಳು.

“ಇವತ್ತು ನಿಮಗೆ ಬೇಡವೇನೋ ಅಂತ ನನಗೆ ಅನುಮಾನ. ಖಚಿತವಾಗಿ ಗೊತ್ತಿಲ್ಲ. ಕೇಳುವವರು ಬರಲಿ.” ಆಮೇಲೆ ಮೂರು ಹೆಸರು ಕರೆದಳು: ಅಯ್ಯಮ್ಮ, ಹುಸೇನಪ್ಪ, ಪಂಪನಗೌಡ. ಅಷ್ಟಾದ ಮೇಲೆ ಅವಳ ದೀಪ ಆರಿತು.

ಬಂಕಿನ ಛತ್ತೇ ಹಾರಿಹೋಗುವಂತೆ ನಗು ಎದ್ದಿತು. “ಹೋಗ್ರಿ ಗೌಡ್ರ, ಊದಿದ್ದಕ್ಕ!” ಅಂದ ಯಾರೋ ಹಿಂದಿನಿಂದ. ಪಂಪನಗೌಡರು ಖುರ್ಷಿದಾಳ ಕಡೆ ಕೆಂಗಣ್ಣು ಬಿಟ್ಟರು. ಅವಳು ಕೈ ಚೆಲ್ಲಿದಳು. ಚೀಟಿ ಎತ್ತಿದ್ದು ಅವಳಲ್ಲ.

“ನಾನು ಒಳಗೆ ಕೂತು ನೋಡಬಹುದೇ?” ಎಂದು ಅಧ್ಯಕ್ಷೆ ಕೇಳಿದರು.

“ಇಲ್ರಿ ಮೇಡಂ. ಹೆಸರು ಕರೆದವರಿಗಷ್ಟಾ,” ಅಂದಳು ಖುರ್ಷಿದಾ.

ನಾಲ್ವರೂ ಬಂಕಿನ ಹಳೆಯ ಕಚೇರಿ ಕೋಣೆಗೆ ಹೋದರು, ಬಾಗಿಲು ಮುಚ್ಚಿತು. ಹೊರಗೆ ನಿಂತವರಿಗೆ ಏನೂ ಸ್ಪಷ್ಟವಾಗಿ ಕೇಳಿಸಲಿಲ್ಲ. ಮೊದಲು ಅಯ್ಯಮ್ಮನ ಎತ್ತರದ ಧ್ವನಿ. ಆಮೇಲೆ ದ್ಯಾವಮ್ಮನದು, ಬಿಟ್ಟು ಬಿಟ್ಟು, ಬಹಳ ಹೊತ್ತು. ಒಮ್ಮೆ ಒಳಗೆ ಎಲ್ಲರೂ ನಕ್ಕ ಹಾಗಾಯಿತು. ಆಮೇಲೆ ಸದ್ದೇ ಇಲ್ಲ. ತಾಯಮ್ಮ ಬಾಗಿಲಿಗೆ ಬೆನ್ನು ಕೊಟ್ಟು ನೆಲದ ಮೇಲೆ ಕೂತುಬಿಟ್ಟಳು. ಖುರ್ಷಿದಾ ನಿಂತೇ ಇದ್ದಳು. ಇಬ್ಬರು ಒತ್ತಿ ಗೌಡರು ಒತ್ತದಿದ್ದರೆ? ಅವರಿಗೆ ಒತ್ತದಿರುವುದೇ ಅನುಕೂಲ. ಮುದುಕಿ ನರಳುತ್ತ ಹೊರಗೆ ಬಂದರೆ, ಅವರು ಸಮಿತಿಗೆ ತೋರಿಸಬೇಕೆಂದಿದ್ದ ಚಿತ್ರ ಅದೇ. ಈ ನಿಯಮ ಕಟ್ಟಿದವಳು ತಾನೇ. ಒಬ್ಬ ಮನುಷ್ಯನ ಹೆಬ್ಬೆಟ್ಟಿನ ಮೇಲೆ ಎಲ್ಲವನ್ನೂ ಇಟ್ಟವಳೂ ತಾನೇ. ಬ್ಯಾಗಿನಲ್ಲಿ ಕೀಲಿ ಭಾರವಾಗಿತ್ತು. ಅವಳು ಅದನ್ನು ಮುಟ್ಟಲಿಲ್ಲ.

ಒಲ್ಲೆಮ್ಮನ ದೀಪ ಮತ್ತೆ ಹೊತ್ತಿತು. ಹಸಿರು.

ತಾಯಮ್ಮ ಎದ್ದು ಬಾಗಿಲು ತಳ್ಳಿದಳು. ಹುಸೇನಪ್ಪ ಎರಡೂ ಕೈಯಿಂದ ದ್ಯಾವಮ್ಮನ ತಲೆ ಹಿಡಿದಿದ್ದ. ಅಯ್ಯಮ್ಮ ಒಲ್ಲೆಮ್ಮ ಬಿಟ್ಟ ಒಂದು ಅಳತೆ ಎಣ್ಣೆಯ ಸೀಸೆಯ ತುದಿಯನ್ನು ಅವಳ ನಾಲಿಗೆಯ ಕೆಳಗೆ ಇಟ್ಟು, “ನುಂಗಬ್ಯಾಡ ಅಕ್ಕಾ, ಹಂಗಾ ಇಟಗೋ,” ಅನ್ನುತ್ತಿದ್ದಳು. ಪಂಪನಗೌಡರು ಎಲ್ಲರನ್ನೂ ದಾಟಿಕೊಂಡು ಹೊರಗಿನ ನಲ್ಲಿಗೆ ಹೋಗಿ ಮುಖ ತೊಳೆದುಕೊಂಡರು. ಎರಡನೆಯ ಸಲವೂ ತೊಳೆದುಕೊಂಡರು.

“ಏನು ಹೇಳಿದರು ಆಕೆ?” ಅಧ್ಯಕ್ಷೆ ಕೇಳಿದರು.

“ಕೇಳಬ್ಯಾಡ್ರಿ ಮೇಡಂ.”

“ನೀವು ನಿಗಮದ ನಿರ್ದೇಶಕರು. ಸಮಿತಿ ಕೇಳುತ್ತಿದೆ.”

“ಒಳಗ ಇದ್ದಾಗ ನಾ ನಿರ್ದೇಶಕ ಆಗಿದ್ದಿಲ್ರಿ,” ಎಂದು ಅವರು ಟವೆಲಿನಿಂದ ಕಿವಿ ಒರೆಸಿಕೊಂಡರು. “ಆದಾಯ ಕಡಿಮಿ ಆಗ್ತದ. ಅದನ್ನ ನಾ ಈಗಲೂ ಹೇಳ್ತೀನಿ, ಬರಕೊಳ್ರಿ. ಆದ್ರ ಈ ಯಂತ್ರಾ ತಗೀರಿ ಅಂತ ನನ್ನ ಬಾಯಿಲೆ ಬರಾದಿಲ್ಲ.” ಟವೆಲು ಹೆಗಲಿಗೆ ಹಾಕಿಕೊಂಡು, “ಇವತ್ತು ಬರಾದಿಲ್ಲ,” ಅಂದರು.

ಎಣ್ಣೆ ನಿಧಾನಕ್ಕೆ ಇಳಿಯುವಂಥದ್ದು.

ದ್ಯಾವಮ್ಮ ಒಳಗಿನ ಬೆಂಚಿನ ಮೇಲೆ ಕಣ್ಣು ಮುಚ್ಚಿ ಕೂತಿದ್ದಳು. ಅಷ್ಟು ಹೊತ್ತಿಗೆ ಹೊರಗಿನ ಸಾಲು ಕರಗಿತ್ತು. ಊದಿದವರನ್ನೆಲ್ಲ ಕೇಳಲು ಕೂಡಿಸುತ್ತಾರಂತೆ ಎಂದು ಗೊತ್ತಾಗಿ, ಅರ್ಧ ಮಂದಿ ಹೋಟೆಲಿನ ಕಡೆ ಜಾರಿದ್ದರು. ಉಳಿದವರಲ್ಲಿ ಒಬ್ಬ ಕಾನ್‌ಸ್ಟೇಬಲ್, ಖಾಕಿ ಬಿಟ್ಟು ಅಂಗಿ ತೊಟ್ಟು ಬಂದಿದ್ದರೂ ಕಾಲಿನ ಬೂಟಿನಿಂದ ಗುರುತು ಸಿಗುವವನು, ಮೆಲ್ಲಗೆ ಬಂದು ಊದಿದ. ಹೆಸರು ಹೇಳುವಾಗ ಅವನ ಧ್ವನಿ ಒಡೆಯಿತು.

“ಇವತ್ತು ನಿಮಗೆ ಬೇಡವೇನೋ ಅಂತ ನನಗೆ ಅನುಮಾನ,” ಅಂದಳು ಒಲ್ಲೆಮ್ಮ. ಕರೆಯಲು ಹೆಚ್ಚು ಹೆಸರುಗಳು ಇರಲಿಲ್ಲ. ಹುಸೇನಪ್ಪ ಅಂದಳು. ದ್ಯಾವಮ್ಮ ಅಂದಳು. ಹೈಮಾವತಿ ದೇಸಾಯಿ ಅಂದಳು.

“ಯಮ್ಮಾ, ಮನಿಗೆ ಹೋಗೋಣು ಏಳು,” ಅಂದಳು ತಾಯಮ್ಮ. “ಸಾಕಾಗ್ಯದ ನಿನಗ.”

ದ್ಯಾವಮ್ಮ ಕಣ್ಣು ಬಿಟ್ಟಳು. ಬೆಂಚಿನ ಅಂಚನ್ನು ಹಿಡಿದಿದ್ದ ಅವಳ ಬೆರಳುಗಳು ಸಡಿಲಾಗಿದ್ದವು.

“ನೋವು ತಗ್ಗಿ ಎಷ್ಟು ದಿನದ ಮ್ಯಾಲ ಕಿವಿ ಬಿಚ್ಚ್ಯಾವ. ಸ್ವಲ್ಪ ಕುಂಡರ್ತೀನಿ.”

ಅಧ್ಯಕ್ಷೆ ಬಾಗಿಲಲ್ಲಿ ನಿಂತಿದ್ದರು. “ನಾನು ಪರಿಶೀಲನೆಗೆ ಬಂದವಳು. ಇದು ಸರಿಯಾಗುವುದಿಲ್ಲ.” ಅವರ ಕೈಯಲ್ಲಿ ಫೋನು ಒಂದೇ ಸಮನೆ ನಡುಗುತ್ತಿತ್ತು; ರಾಜಧಾನಿಯಿಂದ ಯಾರೋ.

“ಅದನ್ನ ಹೊರಗಿಟ್ಟು ಬಾ ತಂಗಿ,” ಅಂದಳು ದ್ಯಾವಮ್ಮ, ಬೆಂಚಿನ ಮೇಲೆ ಸರಿದು ಜಾಗ ಮಾಡುತ್ತ. ಆಮೇಲೆ, ತನ್ನ ಬೂಟಿನ ತುದಿಯನ್ನೇ ನೋಡುತ್ತ ನಿಂತಿದ್ದ ಆ ಗಂಡಸಿನ ಕಡೆ ತಿರುಗಿದಳು.

“ಕೂಡಪ್ಪ. ಏನಾಗ್ಯದ?”

ಅಧ್ಯಕ್ಷೆ ಫೋನನ್ನು ಖುರ್ಷಿದಾಳ ಕೈಗೆ ಕೊಟ್ಟು ಒಳಗೆ ಹೋದರು. ಹುಸೇನಪ್ಪ ಬಾಗಿಲು ಎಳೆದುಕೊಂಡ.